ಅಡ್ಡಕ್ಕಲ್ಲ, ದಪ್ಪಕ್ಕೆ ಅಳೆ

ಲಿಥಿಯಂ ಬ್ಯಾಟರಿಯ ಪಾಲಿಮರ್ ಪೊರೆಯ ಮೇಲೆ ಕೆಲಸ ಶುರು ಮಾಡುತ್ತಿದ್ದೀಯಂತೆ, ಸಂತೋಷ ಕಣಮ್ಮಾ. ಪೊರೆಯೊಳಗೆ ಅಯಾನು ಹಾಯುವ ದಾರಿಗಳನ್ನು ಸಾಲುಗೂಡಿಸಲು ಐದಾರು ಟೆಸ್ಲಾದ ಆಯಸ್ಕಾಂತ ಕೈಗೆ ಸಿಕ್ಕಿದೆ ಅಂತ ಬೀಗಬೇಡ. ಭೂಮಿಯ ಕಾಂತಕ್ಷೇತ್ರಕ್ಕಿಂತ ಅದು ಲಕ್ಷ ಪಟ್ಟು ಜೋರು, ನಿಜ. ಆದರೆ ಒಂಟಿ ಅಣುವನ್ನು ತಿರುಗಿಸಲು ಅಷ್ಟೂ ಸಾಲದು. ಶಾಖದ ಕುಲುಕಾಟದ ಮುಂದೆ ಅದರ ಆಟ ನಡೆಯುವುದಿಲ್ಲ. ಸರಪಳಿಗೆ ಅಂಟಿಸಿದ ಬೈಫಿನೈಲ್‌ನಂಥ ದ್ರವಸ್ಫಟಿಕ ಗುಂಪುಗಳು ಲಕ್ಷಗಟ್ಟಲೆ ಒಂದೇ ಕಡೆ ಮುಖ ಮಾಡಿ ನಿಂತಾಗಲೇ ಅವುಗಳ ಚೂರುಪಾರು ಒಲವು ಕೂಡಿ ಕೆಲಸಕ್ಕೆ ಬರುವುದು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಚಿನೆಡುಮ್ ಒಸುಜಿ ಅವರ ತಂಡ 2010ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಮೊದಲು ಓದು.

ಪೊರೆಯನ್ನು ಅದರ ರಚನೆ ಕರಗುವವರೆಗೆ ಕಾಯಿಸಿ, ಕ್ಷೇತ್ರದೊಳಗೇ ತಣಿಸಬೇಕು. ರಚನೆ ಮತ್ತೆ ಮೂಡುವ ಆ ನಾಲ್ಕಾರು ಡಿಗ್ರಿಯಲ್ಲಿ ಮಾತ್ರ ಅವಸರ ಬೇಡ. ಅದು ದಾಟಿದ ಮೇಲೆ ಬೇಗ ತಣಿಸಿದರೂ ನಡೆಯುತ್ತದೆ.

ಅಯಾನು ಓಡಾಡುವುದು ಪಾಲಿಎಥಿಲಿನ್ ಆಕ್ಸೈಡಿನ ಸಣ್ಣ ಕೊಳವೆಗಳಲ್ಲಿ. ಅವು ದಿಕ್ಕಾಪಾಲಾಗಿ ಬಿದ್ದಿದ್ದರೆ, ಎಲ್ಲೂ ತುಂಡಾಗಿಲ್ಲವೆಂದೇ ಇಟ್ಟುಕೊಂಡರೂ, ಲೆಕ್ಕದಂತೆ ಸಿಗುವುದು ನೆಟ್ಟಗೆ ನಿಂತಾಗಿನ ವಾಹಕತೆಯ ಮೂರನೇ ಒಂದು ಪಾಲು. ತುಂಡಾಗುವುದಂತೂ ಇದ್ದದ್ದೇ. ಇನ್ನೊಂದು ತಿರುವೂ ಇದೆ: ದ್ರವಸ್ಫಟಿಕ ಗುಂಪು ಕೊಳವೆಯ ಗೋಡೆಗೆ ಒರಗಿ ಮಲಗದೆ ಲಂಬವಾಗಿ ನಿಂತರೆ, ಕೊಳವೆಯೇ ಕ್ಷೇತ್ರಕ್ಕೆ ಅಡ್ಡ ಮಲಗಿಬಿಡುತ್ತದೆ. ಆಗ ಮಾದರಿಯನ್ನು ಕ್ಷೇತ್ರದೊಳಗೇ ತಿರುಗಿಸುತ್ತಾ ತಣಿಸದೆ ಗತ್ಯಂತರವಿಲ್ಲ.

ಎಕ್ಸ್-ರೇ ಚಿತ್ರದಲ್ಲಿ ಉಂಗುರ ಒಡೆದು ಎರಡು ಕಮಾನಾದರೆ ಸಾಲುಗೂಡಿದೆ ಅಂತ ಅರ್ಥ. ಆದರೆ ಕಿರಣವನ್ನು ಹಾಳೆಯ ಮುಖದ ಮೂಲಕ ಬಿಟ್ಟೀಯಾ ಜೋಕೆ! ಕೊಳವೆಗಳು ನೆಟ್ಟಗೆ ನಿಂತಿದ್ದರೂ ಅಲ್ಲಿ ಉಂಗುರವೇ ಕಾಣುತ್ತದೆ. ಪಟ್ಟಿ ಕತ್ತರಿಸಿ ಅಂಚಿನ ಕಡೆಯಿಂದ ಬಿಡು.

ಇನ್ನು ವಾಹಕತೆ. ಹಾಳೆಯ ಉದ್ದಕ್ಕೆ ಅಳೆಯುವುದು ಸಲೀಸು, ಅಂಕಿಯೂ ಚೆನ್ನಾಗಿ ಬಂದೀತು. ಆದರೆ ಬ್ಯಾಟರಿಯಲ್ಲಿ ಅಯಾನು ಹಾಯುವುದು ದಪ್ಪದ ದಿಕ್ಕಿಗೆ, ಉದ್ದದ ಅಂಕಿ ಅಲ್ಲಿ ಏನೂ ಹೇಳದು. ದಪ್ಪಕ್ಕೆ ಅಳೆಯುವಾಗ ಎಲೆಕ್ಟ್ರೋಡ್ ತಾಗುವ ಜಾಗದ ರೋಧವೂ ಬಂದು ಸೇರಿಕೊಳ್ಳುತ್ತದೆ. ಮೂರ್ನಾಲ್ಕು ದಪ್ಪದ ಹಾಳೆ ಮಾಡಿ, ದಪ್ಪಕ್ಕೆ ಎದುರಾಗಿ ರೋಧದ ಗೆರೆ ಎಳೆ. ಗೆರೆಯ ಇಳಿಜಾರಿನಲ್ಲಿ ಪೊರೆಯದ್ದಷ್ಟೇ ಉಳಿಯುತ್ತದೆ. ಆಮೇಲೆ ಅದೇ ತುಂಡನ್ನು ಕ್ಷೇತ್ರವಿಲ್ಲದೆ ಮತ್ತೆ ಕಾಯಿಸಿ ತಣಿಸಿ, ಇನ್ನೊಮ್ಮೆ ಅಳೆ. ಎರಡೂ ಅಂಕಿ ಸಿಕ್ಕ ಮೇಲೆ ನನಗೊಂದು ಫೋನ್ ಮಾಡು.