ಬ್ರೆಡ್ಡಿನ ಅಚ್ಚು

ಅಚ್ಚು ಎಂಬ ಮಾತು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿದು ಹದವಾದ ಪಾಕವಾದ ಮೇಲೆ ಅದನ್ನು ಮರದ ಅಚ್ಚಿಗೆ ಹೊಯ್ಯುತ್ತಾರೆ. ಆ ಅಚ್ಚಿನ ಗುಳಿಗಳನ್ನು ಗಮನಿಸಿ ನೋಡಿದವರಿಗೆ ಒಂದು ಸಂಗತಿ ತಿಳಿಯದೆ ಇರದು. ಗುಳಿಯ ಬಾಯಿ ಅಗಲ, ತಳ ಕಿರಿದು. ಬೆಲ್ಲ ಆರಿದ ಬಳಿಕ ಅಚ್ಚನ್ನು ಬೋರಲು ಹಾಕಿ ತಟ್ಟಿದರೆ ಅಚ್ಚುಬೆಲ್ಲ ತಾನಾಗಿಯೇ ಕಳಚಿ ಬೀಳುತ್ತದೆ. ಬಾಯಿಯೂ ತಳವೂ ಒಂದೇ ಅಳತೆಯಾಗಿದ್ದಿದ್ದರೆ ಅದು ಗೋಡೆಗೆ ಕಚ್ಚಿಕೊಂಡು ಕುಳಿತುಬಿಡುತ್ತಿತ್ತು. ಇಡ್ಲಿ ತಟ್ಟೆಯ ಕುಳಿಯೂ ಇದೇ ನಿಯಮಕ್ಕೆ ಒಳಪಟ್ಟದ್ದು. ದಿನವೊಂದಕ್ಕೆ ಸಾವಿರಾರು ಬ್ರೆಡ್ಡುಗಳನ್ನು ಬೇಯಿಸುವ ಬೇಕರಿಗೆ ಅಚ್ಚನ್ನು ರೂಪಿಸುವವನು ಕೂಡ ಮೊದಲು ಈ ಪಾಠವನ್ನೇ ಕಲಿಯಬೇಕು. ಆದರೆ ಬೆಲ್ಲದ ಅಚ್ಚು ಬೆಂಕಿಗೆ ಹೋಗುವುದಿಲ್ಲ. ಬ್ರೆಡ್ಡಿನ ಅಚ್ಚು ದಿನಕ್ಕೆ ಹಲವು ಸಲ ಹೋಗಿ ಬರಬೇಕು. ಕಷ್ಟವೆಲ್ಲ ಇರುವುದು ಅಲ್ಲಿಯೇ.

ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯಲ್ಲಿ ರಾಗಿ, ಜೋಳ, ಭತ್ತಗಳನ್ನು ಉಂಡು ಬೆಳೆದವರೇ ಹೆಚ್ಚು. ಗೋಧಿಯ ಬ್ರೆಡ್ಡು ಇಲ್ಲಿಗೆ ತಡವಾಗಿ ಬಂದ ಅತಿಥಿ. ನನ್ನ ಬಾಲ್ಯದಲ್ಲಿ ಅದು ಜ್ವರ ಬಂದವರ ಪಥ್ಯವಾಗಿತ್ತು. ಯಾರ ಮನೆಗಾದರೂ ಬ್ರೆಡ್ಡು ಹೋಯಿತೆಂದರೆ 'ಯಾರಿಗೆ ಹುಷಾರಿಲ್ಲ?' ಎಂದು ನೆರೆಯವರು ವಿಚಾರಿಸುತ್ತಿದ್ದರು. ಹಾಸನದ ಕಡೆಯಿಂದ ಹೋದ ತಿರುಮಲಾಚಾರ್ ಎಂಬವರು ೧೮೯೮ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬೇಕರಿ ತೆರೆದರೆಂದೂ ಅಯ್ಯಂಗಾರ್ ಬೇಕರಿಗಳ ಪರಂಪರೆ ಅಲ್ಲಿಂದ ಬೆಳೆಯಿತೆಂದೂ ಹೇಳುತ್ತಾರೆ. ೧೯೬೫ರಲ್ಲಿ ಭಾರತ ಸರ್ಕಾರವು ಮಾಡರ್ನ್ ಬೇಕರೀಸ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ದೇಶದ ದೊಡ್ಡ ನಗರಗಳಲ್ಲಿ ಯಂತ್ರಗಳಿಂದ ಬ್ರೆಡ್ಡು ಮಾಡುವ ಕಾರ್ಖಾನೆಗಳನ್ನು ತೆರೆಯಿತು. ಬೆಂಗಳೂರಿಗೂ ಒಂದು ದೊರೆಯಿತು. ೨೦೦೦ದಲ್ಲಿ ಆ ಸಂಸ್ಥೆ ಖಾಸಗಿಯವರ ಕೈ ಸೇರಿತು. ಇಂದು ಕಡೂರಿನಲ್ಲಿಯೂ ತರೀಕೆರೆಯಲ್ಲಿಯೂ ಬ್ರೆಡ್ಡನ್ನು ಕೊಳ್ಳಲು ಜ್ವರ ಬರಬೇಕಾಗಿಲ್ಲ.

ಬೇಕರಿಯವರು ಈ ಅಚ್ಚನ್ನು ಟಿನ್ನು ಎಂದೇ ಕರೆಯುತ್ತಾರೆ. ಆ ಹೆಸರಿನಲ್ಲಿಯೇ ಅದರ ಚರಿತ್ರೆ ಅಡಗಿದೆ. ಟಿನ್ ಎಂದರೆ ತವರ. ಹಿತ್ತಾಳೆ ಪಾತ್ರೆಯ ಒಳಮೈಗೆ ತವರ ಬಳಿಯುವ ಕಲಾಯಿಗಾರನನ್ನು ನಿಮ್ಮ ಅಜ್ಜ ಅಜ್ಜಿಯರು ಬಲ್ಲರು. ಹಿತ್ತಾಳೆಯ ಬದಲು ಕಬ್ಬಿಣದ ತೆಳುತಗಡಿಗೆ ಎರಡು ಮೈಗೂ ಕಲಾಯಿ ಮಾಡಿದರೆ ಅದೇ ತವರದ ತಗಡು. ಭಾರತದಲ್ಲಿ ಇದನ್ನು ಜಂಷೇದ್‌ಪುರದ ಬಳಿಯ ಗೋಲ್ಮುರಿಯಲ್ಲಿ ೧೯೨೦ರ ದಶಕದಿಂದಲೂ ತಯಾರಿಸುತ್ತ ಬಂದಿದ್ದಾರೆ. ಕಬ್ಬಿಣವಂತೂ ತರೀಕೆರೆಯವರಿಗೆ ಮನೆಯ ಮಾತು. ೧೯೨೩ರಲ್ಲಿ ಕೆಲಸ ಆರಂಭಿಸಿದ ಭದ್ರಾವತಿಯ ಕಾರ್ಖಾನೆಗೆ ಅದುರು ಹೋದದ್ದು ಇದೇ ಸೀಮೆಯ ಕೆಮ್ಮಣ್ಣುಗುಂಡಿಯ ಬೆಟ್ಟದಿಂದ. ಆ ಬೆಟ್ಟದ ಮಣ್ಣಿನ ಬಣ್ಣವೇ ಕಬ್ಬಿಣದ ಸ್ವಭಾವವನ್ನು ಸಾರುತ್ತದೆ: ನೀರು ಗಾಳಿಗಳ ಸಂಗದಲ್ಲಿ ಬಿಟ್ಟರೆ ಅದು ಮತ್ತೆ ಕೆಮ್ಮಣ್ಣಾಗಲು ಹೊರಡುತ್ತದೆ. ಹಾಗೆ ಹೊರಡದಂತೆ ತಡೆಯುವುದೇ ತವರದ ಕೆಲಸ.

ಈಗ ಟಿನ್ನಿನ ದಿನಚರಿಯನ್ನು ನೋಡೋಣ. ಅದರ ಒಳಮೈಗೆ ಎಣ್ಣೆ ಸವರಿ, ನಾದಿದ ಮೈದಾಹಿಟ್ಟಿನ ಕಣಕವನ್ನು ಇಡುತ್ತಾರೆ. ಸುಮಾರು ೩೫ ಡಿಗ್ರಿ ಸೆಲ್ಸಿಯಸ್ ಬೆಚ್ಚಗಿನ, ತೇವ ತುಂಬಿದ ಕೋಣೆಯಲ್ಲಿ ಕಣಕ ಹುದುಗಿ ಉಬ್ಬುತ್ತದೆ. ಅಲ್ಲಿಂದ ೨೨೦ ಡಿಗ್ರಿ ಕಾದ ಒಲೆಗೆ ಪ್ರವೇಶ. ಅರ್ಧ ಗಂಟೆಯಲ್ಲಿ ಬ್ರೆಡ್ಡಿನ ನಡುತಿರುಳು ೯೫ ಡಿಗ್ರಿಯನ್ನು ಮುಟ್ಟುತ್ತದೆ, ಹೊರಪದರ ಕಂದು ತಿರುಗುತ್ತದೆ. ಒಡನೆಯೇ ಟಿನ್ನನ್ನು ಮಗುಚಿ ಬ್ರೆಡ್ಡನ್ನು ಕೆಡಹಬೇಕು. ತಡವಾದರೆ ಒಳಗಿನ ಆವಿ ಹೊರಹೋಗಲಾರದೆ ಬ್ರೆಡ್ಡಿನ ಪಕ್ಕಗಳು ಒದ್ದೆಯಾಗಿ ಕುಸಿಯುತ್ತವೆ. ಬರಿದಾದ ಟಿನ್ನು ಆರುವಷ್ಟರಲ್ಲಿ ಮತ್ತೆ ಎಣ್ಣೆ, ಮತ್ತೆ ಕಣಕ. ದಿನಕ್ಕೆ ನಾಲ್ಕು ಸಲ, ವರ್ಷಕ್ಕೆ ೩೦೦ ದಿನ ಎಂದು ಲೆಕ್ಕ ಹಿಡಿದರೂ ೧೨೦೦ ಸಲ ಅದು ಕಾದು ತಣಿಯಬೇಕು. ಉಪ್ಪು, ತೇವ, ಕಾವು, ಪೆಟ್ಟು ಈ ನಾಲ್ಕನ್ನೂ ಪ್ರತಿಸಲವೂ ಉಣ್ಣಬೇಕು. ಅಡಿಗೆಮನೆಯ ಯಾವ ಪಾತ್ರೆಗೂ ಇಷ್ಟು ಕಠಿಣವಾದ ಬಾಳಿಲ್ಲ.

ಅಳತೆಯ ಪ್ರಶ್ನೆ ಸುಲಭವಾದದ್ದು. ೪೦೦ ಗ್ರಾಂ ತೂಕದ ಬ್ರೆಡ್ಡು ಬೇಕಾದರೆ ಕಣಕವನ್ನು ಸುಮಾರು ೪೫೦ ಗ್ರಾಂ ಇಡಬೇಕು. ಉಳಿದದ್ದು ಒಲೆಯಲ್ಲಿ ಆವಿಯಾಗಿ ಹೋಗುತ್ತದೆ. ಮುಚ್ಚಳದ ಟಿನ್ನಿಗೆ ಪ್ರತಿ ಗ್ರಾಂ ಕಣಕಕ್ಕೂ ಸುಮಾರು ಮೂರೂವರೆ ಘನ ಸೆಂಟಿಮೀಟರಿನ ಜಾಗ ಬೇಕು. ಹಾಗಾದರೆ ೨೦ ಸೆಂಟಿಮೀಟರ್ ಉದ್ದ, ೧೦ ಅಗಲ, ೮ ಎತ್ತರದ ಟಿನ್ನು ಸರಿಹೋಗುತ್ತದೆ. ಗುಣಿಸಿ ನೋಡಿ. ಜಾಗ ಹೆಚ್ಚಾದರೆ ಬ್ರೆಡ್ಡಿನಲ್ಲಿ ಪೊಳ್ಳು ಬೀಳುತ್ತದೆ. ಕಡಿಮೆಯಾದರೆ ತಿರುಳು ಇಡುಕಿಕೊಂಡು ಹಿಟ್ಟುಹಿಟ್ಟಾಗುತ್ತದೆ.

ಲೋಹವನ್ನು ಆರಿಸುವುದು ಇಷ್ಟು ಸುಲಭವಲ್ಲ. ಅಲ್ಯೂಮಿನಿಯಮ್ ಹಗುರ, ತೂಕದಲ್ಲಿ ಉಕ್ಕಿನ ಮೂರನೆಯ ಒಂದು ಭಾಗ. ಕಾವನ್ನು ಉಕ್ಕಿಗಿಂತ ನಾಲ್ಕೈದು ಪಟ್ಟು ಬೇಗ ಹರಿಸುತ್ತದೆ, ತುಕ್ಕು ಹಿಡಿಯುವುದಿಲ್ಲ. ಇಷ್ಟೆಲ್ಲ ಗುಣಗಳಿದ್ದರೂ ಅದು ಮೃದು. ಮೇಜಿಗೆ ನಾಲ್ಕು ಸಲ ಕುಕ್ಕಿದರೆ ಮೂಲೆ ನೆಗ್ಗುತ್ತದೆ. ಇದಲ್ಲದೆ ಹಲವು ದೊಡ್ಡ ಕಾರ್ಖಾನೆಗಳಲ್ಲಿ ಟಿನ್ನುಗಳನ್ನು ಸಾಗಿಸುವ ಪಟ್ಟಿಗಳ ಅಡಿಯಲ್ಲಿ ಅಯಸ್ಕಾಂತಗಳಿರುತ್ತವೆ. ಅಯಸ್ಕಾಂತವು ಉಕ್ಕನ್ನು ಹಿಡಿಯುತ್ತದೆಯೇ ಹೊರತು ಅಲ್ಯೂಮಿನಿಯಮ್ಮನ್ನು ಹಿಡಿಯದು. ತವರದ ತಗಡಿಗೆ ಬೇರೊಂದು ಕೊರತೆಯಿದೆ. ತವರ ೨೩೨ ಡಿಗ್ರಿಯಲ್ಲಿ ಕರಗುತ್ತದೆ. ಕಣಕ ತುಂಬಿದ ಟಿನ್ನಿಗೆ ಭಯವಿಲ್ಲ, ಒಳಗಿನ ತೇವವೇ ಅದನ್ನು ಕಾಯುತ್ತದೆ. ಆದರೆ ಬರಿದಾದ ಟಿನ್ನನ್ನು ಉರಿಯುವ ಒಲೆಯಲ್ಲಿ ಮರೆತರೆ ಕಲಾಯಿ ಹನಿಹನಿಯಾಗಿ ಹರಿದು ಕಬ್ಬಿಣ ಬತ್ತಲಾಗುತ್ತದೆ. ಈ ತೊಂದರೆಯನ್ನು ತಪ್ಪಿಸಲು ಉಕ್ಕಿನ ತಗಡನ್ನು ಕರಗಿದ ಅಲ್ಯೂಮಿನಿಯಮ್ಮಿನಲ್ಲಿ ಅದ್ದಿ ತೆಗೆಯುವ ವಿಧಾನ ಬಳಕೆಗೆ ಬಂದಿತು. ಒಳಗೆ ಉಕ್ಕಿನ ಬಲ, ಹೊರಗೆ ಅಲ್ಯೂಮಿನಿಯಮ್ಮಿನ ಕವಚ. ದೊಡ್ಡ ಬೇಕರಿಗಳ ಟಿನ್ನುಗಳು ಇಂದು ಬಹುಮಟ್ಟಿಗೆ ಈ ಜಾತಿಯವು.

ಹೊಸ ಟಿನ್ನು ಕನ್ನಡಿಯಂತೆ ಹೊಳೆಯುತ್ತದೆ. ಕೊಂಡವನಿಗೆ ಅದೊಂದು ಸಂತೋಷ. ಬೇಯಿಸುವವನಿಗೆ ಅದೇ ತಲೆನೋವು. ತರೀಕೆರೆಯ ಕಡೆಯ ಒಂದು ಚಿಕ್ಕ ಬೇಕರಿಯಲ್ಲಿ ಒಲೆಯ ಮುಂದೆ ನಿಂತಿದ್ದವರೊಬ್ಬರು, "ಮೇಷ್ಟ್ರೇ, ಹೊಸ ಟಿನ್ ಬಂದ ವಾರ ಬ್ರೆಡ್ಡಿನ ಮೇಲೆಲ್ಲ ಕೆಂಪಗೆ, ಪಕ್ಕ ಮಾತ್ರ ಬೆಳ್ಳಗೆ" ಎಂದು ನನಗೆ ಹೇಳಿದರು. ಕಾರಣ ಭೌತವಿಜ್ಞಾನದ್ದು. ಹೊಳೆಯುವ ಮೈ ತನ್ನ ಮೇಲೆ ಬಿದ್ದ ಕಾವಿನ ಕಿರಣಗಳನ್ನು ಹಿಂದಕ್ಕೆ ಅಟ್ಟುತ್ತದೆ. ಮಬ್ಬಾದ, ಕಪ್ಪಾದ ಮೈ ಹೀರಿಕೊಳ್ಳುತ್ತದೆ. ಆದುದರಿಂದ ಹೊಸ ಟಿನ್ನಿಗೆ ತೆಳುವಾಗಿ ಎಣ್ಣೆ ಸವರಿ, ತವರ ಕರಗದ ಹದದ ಕಾವಿನಲ್ಲಿ ಕೆಲವು ಗಂಟೆ ಇಟ್ಟು ಪಳಗಿಸುತ್ತಾರೆ. ನಿಮ್ಮ ಮನೆಯ ದೋಸೆಯ ಕಾವಲಿಯನ್ನು ಪಳಗಿಸುವ ಕ್ರಮವೂ ಇದೇ. ಎಣ್ಣೆ ಗಟ್ಟಿಯಾಗಿ ಲೋಹಕ್ಕೆ ಅಂಟಿದ ಕಂದು ಪದರವಾಗುತ್ತದೆ. ಹಿಟ್ಟು ಅಂಟದಂತೆ ಅದೇ ತಡೆಯುತ್ತದೆ. ಆದರೆ ವರ್ಷಗಟ್ಟಲೆ ಎಣ್ಣೆಯ ಮೇಲೆ ಎಣ್ಣೆ ಸುಟ್ಟು ದಪ್ಪ ಮಸಿಯಾದಾಗ ಅದು ಕಾವಿಗೂ ಅಡ್ಡಿ, ಉದುರಿ ಬ್ರೆಡ್ಡಿಗೆ ಸೇರಿದರೆ ಬಾಯಿಗೂ ಅಡ್ಡಿ. ಆ ಮಸಿಯನ್ನು ಚಾಕುವಿನಿಂದ ಕೆರೆಯುವ ಹುಡುಗ ಟಿನ್ನಿನ ಆಯುಷ್ಯವನ್ನೇ ಕೆರೆಯುತ್ತಾನೆ. ಒಂದು ಗೀರಿನಷ್ಟು ಕಲಾಯಿ ಹೋದರೆ ಸಾಕು, ತುಕ್ಕು ಅಲ್ಲಿಂದ ಒಳನುಗ್ಗುತ್ತದೆ.

ತುಕ್ಕಿನ ವಿಷಯದಲ್ಲಿ ಈ ಸೀಮೆಯ ಹವೆಯೂ ತನ್ನ ಪಾಲನ್ನು ಕೇಳುತ್ತದೆ. ಕಡೂರು ಬಯಲುಸೀಮೆಯ ಊರು, ಮಳೆ ಕಡಿಮೆ. ತರೀಕೆರೆಯಿಂದ ಪಶ್ಚಿಮಕ್ಕೆ ಹೊರಟರೆ ಕೆಲವೇ ಮೈಲಿಗಳಲ್ಲಿ ಮಲೆನಾಡಿನ ಸೆರಗು ಸಿಗುತ್ತದೆ; ಆಷಾಢ ಶ್ರಾವಣಗಳಲ್ಲಿ ಗೋಡೆಯೇ ಬೆವರುತ್ತದೆ. ಕಡೂರಿನಲ್ಲಿ ತೊಳೆದು ಮಗುಚಿಟ್ಟರೂ ಉಳಿಯುವ ಟಿನ್ನು ಅಲ್ಲಿ ಒಂದು ರಾತ್ರಿಯಲ್ಲಿ ಕೆಂಪು ಕಲೆ ತೋರಬಹುದು. ಅದಕ್ಕಾಗಿಯೇ ಅನುಭವಿಗಳು ಟಿನ್ನನ್ನು ನೀರಿನಲ್ಲಿ ತೊಳೆಯದೆ, ಬಿಸಿಯಿರುವಾಗಲೇ ಒಣಬಟ್ಟೆಯಿಂದ ಒರಸುತ್ತಾರೆ. ನೀರು ನಿಲ್ಲುವುದು ಮಡಿಕೆಗಳ ಸಂದಿಯಲ್ಲಿ. ಅಚ್ಚನ್ನು ರೂಪಿಸುವವನು ಮಡಿಕೆಗಳನ್ನು ಆದಷ್ಟು ಕಡಿಮೆ ಮಾಡಬೇಕು. ಒಂದೇ ತಗಡನ್ನು ಒತ್ತಿ ತೆಗೆದ, ಮೂಲೆಗಳು ದುಂಡಾದ ಟಿನ್ನಿನಲ್ಲಿ ನೀರೂ ನಿಲ್ಲದು, ಹಿಟ್ಟೂ ಸಿಕ್ಕಿಕೊಳ್ಳದು. ಬಾಯಿಯ ಅಂಚಿನೊಳಗೆ ಉಕ್ಕಿನ ತಂತಿಯನ್ನಿಟ್ಟು ತಗಡನ್ನು ಅದರ ಮೇಲೆ ಸುರುಳಿ ಸುತ್ತುತ್ತಾರೆ. ಒಂದು ಮಿಲಿಮೀಟರಿಗೂ ತೆಳುವಾದ ತಗಡು ಪೆಟ್ಟಿಗೆ ಬಗ್ಗದೆ ನಿಲ್ಲುವುದು ಆ ತಂತಿಯ ಬಲದಿಂದ; ಕೆಲಸಗಾರನ ಬೆರಳು ಕುಯ್ಯದೆ ಉಳಿಯುವುದೂ ಅದರಿಂದಲೇ.

ದೊಡ್ಡ ಬೇಕರಿಯಲ್ಲಿ ಟಿನ್ನುಗಳನ್ನು ಒಂದೊಂದಾಗಿ ಆಡಿಸಲು ಸಾಧ್ಯವಿಲ್ಲ. ನಾಲ್ಕೈದನ್ನು ಸಾಲಾಗಿ ಇಟ್ಟು ಸುತ್ತಲೂ ಲೋಹದ ಪಟ್ಟಿ ಬಿಗಿದು ರಿವೆಟ್ಟು ಹೊಡೆಯುತ್ತಾರೆ. ಎರಡು ಟಿನ್ನುಗಳ ನಡುವೆ ಬೆರಳು ತೂರುವಷ್ಟು ಸಂದು ಬಿಡಬೇಕು. ಬಿಸಿಗಾಳಿ ಅಲ್ಲಿ ಆಡದಿದ್ದರೆ ನಡುವಿನ ಬ್ರೆಡ್ಡುಗಳ ಪಕ್ಕ ಬೇಯುವುದಿಲ್ಲ. ಪಟ್ಟಿಗೂ ಟಿನ್ನಿಗೂ ಒಂದೇ ಲೋಹವಿರಬೇಕೆಂಬುದು ಇನ್ನೊಂದು ನಿಯಮ. ೬೦ ಸೆಂಟಿಮೀಟರ್ ಉದ್ದದ ಉಕ್ಕಿನ ಪಟ್ಟಿ ೨೦೦ ಡಿಗ್ರಿ ಹೆಚ್ಚು ಕಾದಾಗ ಸುಮಾರು ಒಂದೂವರೆ ಮಿಲಿಮೀಟರ್ ಹಿಗ್ಗುತ್ತದೆ. ಅಲ್ಯೂಮಿನಿಯಮ್ ಹೆಚ್ಚುಕಡಿಮೆ ಅದರ ಎರಡರಷ್ಟು. ಒಂದು ಹಿಗ್ಗುವಾಗ ಇನ್ನೊಂದು ಹಿಂದುಳಿದರೆ ಎಳೆದಾಟವೆಲ್ಲ ರಿವೆಟ್ಟಿನ ಮೇಲೆ ಬೀಳುತ್ತದೆ. ವರ್ಷಕ್ಕೆ ೧೨೦೦ ಸಲ ಎಳೆದಾಡಿದರೆ ಯಾವ ರಿವೆಟ್ಟು ತಾನೆ ಸಡಿಲವಾಗದು?

ಎಣ್ಣೆಯ ಖರ್ಚನ್ನೂ ಮಸಿಯನ್ನೂ ತಪ್ಪಿಸಲು ಈಗ ಟಿನ್ನಿನ ಒಳಮೈಗೆ ಹಿಟ್ಟು ಅಂಟದ ಲೇಪಗಳನ್ನು ಹಾಕುತ್ತಾರೆ. ಸಿಲಿಕೋನ್ ಲೇಪ ಕೆಲವು ನೂರು ಸಲ ಬಾಳುತ್ತದೆ. ಟೆಫ್ಲಾನ್ ಜಾತಿಯ ಲೇಪ ಸಾವಿರಾರು ಸಲ ಬಾಳಬಲ್ಲದು. ಸವೆದ ಮೇಲೆ ಹಳೆಯದನ್ನು ತೆಗೆದು ಹೊಸದನ್ನು ಹಾಕಿಸಬಹುದು. ಬೆಂಗಳೂರಿನ ಕಾರ್ಖಾನೆಗೆ ಇದು ಒಪ್ಪುತ್ತದೆ. ಅಜ್ಜಂಪುರದಂಥ ಊರಿನ ಕಟ್ಟಿಗೆಯ ಒಲೆಗೂ ಒಪ್ಪುತ್ತದೆಯೇ? ನನ್ನ ಎಣಿಕೆಯಲ್ಲಿ ಇಲ್ಲ. ಕಟ್ಟಿಗೆ ಉರಿಸಿ ಇಟ್ಟಿಗೆಗೆ ಕಾವು ತುಂಬುವ ಒಲೆಯಲ್ಲಿ ಮೊದಲ ಸರದಿಗೆ ಇರುವ ಕಾವು ಕೊನೆಯ ಸರದಿಗೆ ಇರದು. ಉರಿ ತೆಗೆದ ಹೊಸತರಲ್ಲಿ ಅದು ೩೦೦ ಡಿಗ್ರಿಯನ್ನೂ ದಾಟಬಹುದು. ಟೆಫ್ಲಾನಿನ ಲೇಪ ೨೬೦ ಡಿಗ್ರಿಯ ಆಚೆ ಬಹುಕಾಲ ತಾಳುವುದಿಲ್ಲ, ಮಿತಿಮೀರಿ ಕಾದರೆ ಕೆಟ್ಟ ಹೊಗೆಯನ್ನೂ ಬಿಡುತ್ತದೆ. ಅಂಥ ಒಲೆಗೆ ತುಸು ದಪ್ಪನಾದ, ಚೆನ್ನಾಗಿ ಪಳಗಿದ, ಲೇಪವಿಲ್ಲದ ಉಕ್ಕಿನ ಟಿನ್ನೇ ಲೇಸು. ಒಂದು ಟಿನ್ನು ಎಷ್ಟು ಗಟ್ಟಿ ಎಂದು ಅಂಗಡಿಯಲ್ಲಿ ಹೇಳಲಾಗದು. ಅದು ಹೋಗುವ ಒಲೆಯನ್ನೂ ಹಿಡಿಯುವ ಕೈಯನ್ನೂ ಕಂಡ ಮೇಲೆ ಹೇಳಬೇಕು.

ಒಂದು ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯನ್ನೂ ಕೊಡಲಾಗದು. ಹಳೆಯ ಡಬ್ಬಗಳನ್ನು ಬಿಚ್ಚಿ, ತಗಡನ್ನು ಮಡಿಚಿ, ಬೆಸುಗೆ ಹಾಕಿ ಅಗ್ಗದ ಟಿನ್ನು ಮಾಡುವುದುಂಟು. ಡಬ್ಬದ ಮೇಲಿನ ಬಣ್ಣ ಒಲೆಯಲ್ಲಿ ಸುಟ್ಟು ಸುಲಿಯುತ್ತದೆ. ಬೆಸುಗೆಯ ಲೋಹದಲ್ಲಿ ತವರದ ಜೊತೆ ಸೀಸವಿದ್ದರೆ ಅದು ೧೮೩ ಡಿಗ್ರಿಯಲ್ಲಿಯೇ ಕರಗತೊಡಗುತ್ತದೆ. ಒಲೆಯ ಕಾವು ಅದಕ್ಕಿಂತ ಹೆಚ್ಚು. ಸೀಸ ವಿಷ, ಬೆಳೆಯುವ ಮಕ್ಕಳ ಮಿದುಳಿಗೆ ಎಲ್ಲಕ್ಕಿಂತ ಮೊದಲು ಕೇಡು ಮಾಡುವಂಥದು. ಸತುವಿನ ಲೇಪವಿರುವ ತಗಡು, ನೀರಿನ ಬಕೆಟ್ಟಿಗೆ ಬಳಸುವಂಥದು, ಕೂಡ ಒಲೆಗೆ ಸಲ್ಲದು. ಒಳ್ಳೆಯ ಟಿನ್ನಿನ ಮೂಲೆಗಳನ್ನು ಮಡಿಚಿ ಒತ್ತಿರುತ್ತಾರೆ, ಬೆಸುಗೆಯ ಹನಿ ಇರುವುದಿಲ್ಲ. ಬ್ರೆಡ್ಡು ಕೊಳ್ಳುವವರ ಕಣ್ಣಿಗೆ ಟಿನ್ನು ಬೀಳುವುದೇ ಇಲ್ಲವಾದುದರಿಂದ ಈ ಎಚ್ಚರಿಕೆ ಬೇಕರಿಯವನ ಮೇಲೆಯೇ ಬೀಳುತ್ತದೆ.

ವ್ಯವಸ್ಥಿತವಾದ ಬೇಕರಿಗಳಲ್ಲಿ ಆಗಾಗ ಟಿನ್ನುಗಳ ಪರೀಕ್ಷೆ ನಡೆಯುತ್ತದೆ. ಸಮತಟ್ಟಾದ ಕಡಪದ ಕಲ್ಲಿನ ಮೇಲೆ ಟಿನ್ನನ್ನಿಟ್ಟು ಎದುರುಬದುರು ಮೂಲೆಗಳನ್ನು ಬೆರಳಿನಿಂದ ಒತ್ತುತ್ತಾರೆ. ಅಲುಗಾಡಿದರೆ ತಳ ಸೊಟ್ಟಗಾಗಿದೆ ಎಂದರ್ಥ. ಅದರಲ್ಲಿ ಬ್ರೆಡ್ಡು ಒಂದು ಕಡೆ ಸೀದು ಇನ್ನೊಂದು ಕಡೆ ಹಸಿಯಾಗಿ ಉಳಿಯುತ್ತದೆ. ಅಂಥವನ್ನು ಮರದ ಅಡಿಯಚ್ಚಿನ ಮೇಲೆ ಬೋರಲು ಹಾಕಿ, ಮರದ ಸುತ್ತಿಗೆಯಿಂದ ಮೆಲ್ಲನೆ ಬಡಿದು ಸರಿಪಡಿಸುತ್ತಾರೆ. ಒಳಮೈಯಲ್ಲಿ ತುಕ್ಕು ಗುಳಿಬಿದ್ದವನ್ನು ಬೇರೆ ಮಾಡಿ ಗುಜರಿಗೆ ಹಾಕುತ್ತಾರೆ. ಅಲ್ಲಿಂದ ಅವು ಯಾವುದಾದರೂ ಉಕ್ಕಿನ ಕುಲುಮೆಗೆ ಹೋಗಿ ಕರಗಿ, ಮತ್ತೊಂದು ತಗಡಾಗಿಯೋ ಮೊಳೆಯಾಗಿಯೋ ಹೊರಬರುತ್ತವೆ.