ಅಂಗೈ ಬಿಸಿಯಾಯಿತೆಂದು ಮಾತ್ರೆ ಬಿಡಬೇಡಿ

ಬಸವನಗುಡಿಯಿಂದ ಲಾಲ್‌ಬಾಗಿಗೆ ಬೆಳಗಿನ ವಾಕಿಂಗ್ ಹೋಗುವವರಿಗೆ ಯೋಗ, ಪ್ರಾಣಾಯಾಮ ಹೊಸದಲ್ಲ. ಆ ಸಾಲಿಗೆ ಈಗ ಚೀನಾದ ಚಿಗಾಂಗ್ ಕೂಡ ಸೇರಿದೆ. ಬೆಂಗಳೂರಿನಲ್ಲಿ ಇದನ್ನು ಕಲಿಸುವ ತರಗತಿಗಳಿವೆ. ಸೇರಬೇಕೆಂದಿದ್ದರೆ ಮೊದಲು ಕೆಲವು ವಿಷಯ ತಿಳಿದುಕೊಳ್ಳಿ.

‘ಚಿ’ ಎಂದರೆ ಉಸಿರು, ಜೀವಶಕ್ತಿ. ‘ಗಾಂಗ್’ ಎಂದರೆ ಅಭ್ಯಾಸದಿಂದ ಬರುವ ಹಿಡಿತ. ಈ ಹೆಸರು ಚೀನಾದ ಆಸ್ಪತ್ರೆಗಳಲ್ಲಿ ರೂಢಿಗೆ ಬಂದದ್ದು 1950ರ ದಶಕದಲ್ಲಿ. ಅಭ್ಯಾಸ ಮಾತ್ರ ಬಹಳ ಹಳೆಯದು. ಕ್ರಿ.ಪೂ. 168ರ ಮಾವಾಂಗ್‌ದುಯಿ ಸಮಾಧಿಯಲ್ಲಿ ದೊರೆತ ರೇಷ್ಮೆ ಚಿತ್ರದಲ್ಲಿ 44 ಮಂದಿ ಇಂಥ ವ್ಯಾಯಾಮದ ಭಂಗಿಗಳಲ್ಲಿದ್ದಾರೆ.

ಹೊಸಬರಿಗೆ ಹೆಚ್ಚಾಗಿ ಕಲಿಸುವುದು ‘ಬಾದುವಾನ್‌ಜಿನ್’ ಎಂಬ ಎಂಟು ಚಲನೆಗಳನ್ನು. ಮೊದಲನೆಯದು ಹೀಗಿದೆ:

1. ಪಾದಗಳನ್ನು ಭುಜದಗಲಕ್ಕೆ ಇಟ್ಟು, ಮಂಡಿ ಸಡಿಲಬಿಟ್ಟು ನಿಲ್ಲಿ.
2. ಹೊಟ್ಟೆಯ ಮುಂದೆ ಬೆರಳು ಹೆಣೆದು, ಉಸಿರೆಳೆಯುತ್ತಾ ಕೈ ಮೇಲೆತ್ತಿ. ಎದೆಯ ಮಟ್ಟದಲ್ಲಿ ಅಂಗೈ ತಿರುಗಿಸಿ ಆಕಾಶದತ್ತ ಚಾಚಿ.
3. ಉಸಿರು ಬಿಡುತ್ತಾ ಎರಡೂ ಪಕ್ಕಗಳಿಂದ ನಿಧಾನವಾಗಿ ಕೈ ಇಳಿಸಿ. ಆರು ಸಲ ಸಾಕು.

ಕೆಲವು ದಿನಗಳಲ್ಲಿ ಅಂಗೈ ಬೆಚ್ಚಗಾಗಬಹುದು, ಬೆರಳ ತುದಿ ಜುಮ್ಮೆನ್ನಬಹುದು. ‘ಒಳಗಿನ ಶಕ್ತಿ ಎದ್ದಿತು’ ಎಂದು ಶಿಕ್ಷಕರು ಹೇಳಬಹುದು. ಅನುಭವ ಸುಳ್ಳಲ್ಲ. ಉಸಿರು ನಿಧಾನವಾದಾಗ ಹೃದಯದ ಬಡಿತ ಇಳಿಯುತ್ತದೆ. ಮನಸ್ಸಿನ ಬಿಗಿ ಸಡಿಲವಾದಾಗ ಕೈಯ ರಕ್ತನಾಳಗಳು ಹಿಗ್ಗಿ ಬಿಸಿಯಾಗುತ್ತವೆ. ಗಮನವೂ ಅಲ್ಲೇ ಇರುವುದರಿಂದ ಸಣ್ಣ ಸ್ಪಂದನವೂ ತಿಳಿಯುತ್ತದೆ. ಇದು ದೇಹ ವಿಶ್ರಾಂತಿ ಪಡೆಯುತ್ತಿರುವುದರ ಗುರುತು. ರೋಗ ಹೋಯಿತೆಂಬುದರ ಗುರುತಲ್ಲ.

ಪ್ರಯೋಜನವಂತೂ ಇದೆ. ಚಿಗಾಂಗ್‌ನ ಹತ್ತಿರದ ನಂಟಾದ ತೈ ಚಿಯನ್ನು ಅಮೆರಿಕದಲ್ಲಿ 195 ಮಂದಿ ಪಾರ್ಕಿನ್ಸನ್ ರೋಗಿಗಳ ಅಧ್ಯಯನವೊಂದರಲ್ಲಿ 24 ವಾರ ಪರೀಕ್ಷಿಸಿದರು. ಅದರ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ತೈ ಚಿ ಮಾಡಿದವರ ದೇಹದ ಸಮತೋಲ ಸುಧಾರಿಸಿತ್ತು. ಬರೀ ಮೈ ಚಾಚುವ ವ್ಯಾಯಾಮ ಮಾಡಿದವರಿಗಿಂತ ಅವರು ಬೀಳುವುದೂ ಕಡಿಮೆಯಾಗಿತ್ತು. ಆದರೆ ಅವರ ರೋಗ ವಾಸಿಯಾಯಿತೆಂದು ಆ ಅಧ್ಯಯನ ಹೇಳಲಿಲ್ಲ.

ಆದ್ದರಿಂದ ಸಕ್ಕರೆ ಕಾಯಿಲೆ, ಬಿ.ಪಿ. ಇರುವವರು ಮಾತ್ರೆ ನಿಲ್ಲಿಸಬಾರದು. ಒಳ್ಳೆಯದೆನಿಸಿದರೆ ಪರೀಕ್ಷೆ ಮಾಡಿಸಿ, ಪ್ರಮಾಣ ತಗ್ಗಿಸುವ ಮಾತು ವೈದ್ಯರಿಂದಲೇ ಬರಲಿ. ‘ಔಷಧಿ ಬಿಡಿ, ಶಕ್ತಿ ಗುಣಪಡಿಸುತ್ತದೆ’ ಎನ್ನುವ ತರಗತಿಗೆ ಮರುದಿನ ಹೋಗಬೇಡಿ.

ಗರ್ಭಿಣಿಯರು, ಮಂಡಿನೋವಿನವರು ಮೊದಲು ವೈದ್ಯರನ್ನು ಕೇಳಲಿ. ಮಾನಸಿಕ ಚಿಕಿತ್ಸೆಯಲ್ಲಿರುವವರು ದೀರ್ಘ ಧ್ಯಾನಕ್ಕೆ ಇಳಿಯುವುದು ಬೇಡ. ತಲೆ ಸುತ್ತಿದರೆ ಕುಳಿತುಬಿಡಿ. ಊಟವಾದ ಕೂಡಲೇ ಮಾಡಬೇಡಿ. ಕೆಲವು ಪಂಥಗಳಲ್ಲಿ ದಾವ್ ಅಥವಾ ಬೌದ್ಧ ಧ್ಯಾನವೂ ಬೆರೆತಿರುತ್ತದೆ. ನಿಮಗೆ ಬೇಕಾದದ್ದು ವ್ಯಾಯಾಮ ಮಾತ್ರವಾದರೆ ಸೇರುವ ಮೊದಲೇ ಕೇಳಿ ತಿಳಿಯಿರಿ.

ಫಜ್ರ್ ನಮಾಝಿನ ನಂತರ ಹದಿನೈದು ನಿಮಿಷ ಮೀಸಲಿಟ್ಟರೆ ಆರಂಭಕ್ಕೆ ಸಾಕು. ಅಭ್ಯಾಸವೂ ನಡೆಯಲಿ, ಮಾತ್ರೆಯೂ ತಪ್ಪದಿರಲಿ.