ಹಾಸ್ಟೆಲಿಗೆ ಹೊರಟವರಿಗೂ ಬಿಟ್ಟುಬರುವವರಿಗೂ

ಶಿರ್ತಾಡಿ ಪೇಟೆಯಲ್ಲಿ ಬಸ್ಸು ಹತ್ತಿದರೆ ಮೂಡುಬಿದಿರೆ ದೂರವೇನಲ್ಲ. ಬೇರೆ ಬೇರೆ ಜಿಲ್ಲೆಗಳ ಮಕ್ಕಳು ಅಲ್ಲಿನ ಪಿಯು ಕಾಲೇಜುಗಳಿಗೆ ಬಂದು ಹಾಸ್ಟೆಲಿನಲ್ಲಿ ಉಳಿಯುತ್ತಾರೆ. ನಮ್ಮೂರಿನ ಕೆಲವರೂ ಇಷ್ಟು ಹತ್ತಿರವಿದ್ದೂ, ಓದಿಗೆ ಒಳ್ಳೆಯದೆಂದು ಹಾಸ್ಟೆಲಿಗೇ ಸೇರುತ್ತಾರೆ. ಹದಿನಾರರ ಹರೆಯ, ನೀಟ್–ಜೆಇಇಯ ಓಟ, ಮೊದಲ ಟೆಸ್ಟಿನಲ್ಲೇ ಕಮ್ಮಿ ಮಾರ್ಕು. ಮಂಡೆಬೆಚ್ಚ ಆಗದೆ ಇರುತ್ತದೆಯೇ? ಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾದ ಮುದುಕನ ಮಾತು ಎಂದು ಇವನ್ನು ಇಟ್ಟುಕೊಳ್ಳಿ. ಮೊದಲು ಮಕ್ಕಳಿಗೆ.

• ಸಂಕಟ ಬಂದ ಕೂಡಲೇ ಅದನ್ನು ಓಡಿಸಲು ಹೊರಡಬೇಡ. ಎದೆ ಹೊಡೆದುಕೊಳ್ಳುತ್ತದೆ, ಕಣ್ಣು ತುಂಬುತ್ತದೆ, ಈಗಲೇ ಏನಾದರೂ ಮಾಡಿಬಿಡಬೇಕು ಅನಿಸುತ್ತದೆ. ಆ ಹೊತ್ತಿನಲ್ಲಿ ಮಾಡಿದ್ದೇ ಹೆಚ್ಚಾಗಿ ಮರುದಿನ ಕಾಡುವುದು: ಸಿಟ್ಟಿನಲ್ಲಿ ಕಳಿಸಿದ ಮೆಸೇಜು, ಗೋಡೆಗೆ ಗುದ್ದಿದ ಕೈ, ಯಾರೋ ಕೊಟ್ಟ ಮೊದಲ ಸಿಗರೇಟು, ತನ್ನ ಮೈಗೆ ತಾನೇ ಮಾಡಿಕೊಂಡ ಗಾಯ. ‘ಇದನ್ನು ತಡೆದುಕೊಳ್ಳಲು ನನ್ನಿಂದ ಆಗುವುದೇ ಇಲ್ಲ’ ಎನ್ನುವ ಹರೆಯದವರಲ್ಲಿ ಖಿನ್ನತೆ, ಆತಂಕ, ಮೈಗೆ ಹಾನಿ ಮಾಡಿಕೊಳ್ಳುವುದು ಹೆಚ್ಚು ಎಂದು ಮನಶ್ಶಾಸ್ತ್ರದ ಹಲವು ಅಧ್ಯಯನಗಳು ಹೇಳುತ್ತವೆ. ಇದರ ಇನ್ನೊಂದು ಮಗ್ಗುಲೂ ಉಂಟು. ಖಿನ್ನತೆ ಹಿಡಿದವನಿಗೆ ತಡೆದುಕೊಳ್ಳುವ ಶಕ್ತಿಯೇ ಕುಗ್ಗುತ್ತದೆ. ಹಾಗಾಗಿ ‘ನಾನೊಬ್ಬ ಹೇಡಿ’ ಎಂದು ನಿನ್ನನ್ನೇ ಬೈದುಕೊಳ್ಳಬೇಡ.

• ಹತ್ತು ನಿಮಿಷ ಮುಂದೂಡು. ಇಷ್ಟೇ. ಬೇಡ ಎಂದು ಹಟ ಹಿಡಿಯುವುದೂ ಬೇಡ, ಹತ್ತು ನಿಮಿಷ ಕಳೆದು ನೋಡುವ ಎನ್ನು. ಹೋಗದಿದ್ದರೆ ಮತ್ತೆ ಹತ್ತು. ಏರಿದ ಉದ್ವೇಗ ಇಳಿಯುತ್ತದೆ, ಆದರೆ ನೀನು ಹೇಳಿದ ಗಳಿಗೆಗೆ ಇಳಿಯುವುದಿಲ್ಲ. ಒಬ್ಬನೇ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಾತ್ರ ಕಾಯಬೇಡ, ಜನ ಇರುವ ಕಡೆ ಹೋಗಿ ಕುಳಿತುಕೋ.

• ಅಷ್ಟರಲ್ಲಿ ಮೈಗೆ ಕೆಲಸ ಕೊಡು. ಬಕೆಟಿನಲ್ಲಿ ತಣ್ಣೀರು ಹಿಡಿದು, ಉಸಿರು ಕಟ್ಟಿ, ಸ್ವಲ್ಪ ಹೊತ್ತು ಮುಖ ಅದ್ದು. ಎದೆಬಡಿತ ತಾನಾಗಿ ನಿಧಾನವಾಗುತ್ತದೆ. ನೀರಿಗೆ ಮುಖವಿಟ್ಟಾಗ ದೇಹ ಹಾಗೆ ಮಾಡುವುದು ಹುಟ್ಟುಗುಣ. (ಹೃದಯದ ತೊಂದರೆ ಇರುವವರು ಇದನ್ನು ಬಿಡಿ.) ಇಲ್ಲವೇ ಅಂಗಳದಲ್ಲಿ ಬಿರುಸಾಗಿ ನಡೆ, ಉಸಿರನ್ನು ಒಳಗೆ ಎಳೆದುದಕ್ಕಿಂತ ನಿಧಾನವಾಗಿ ಹೊರಗೆ ಬಿಡು. ಇವು ಅಜ್ಜಿಯ ಮದ್ದಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲೈನ್‌ಹ್ಯಾನ್ ತಮ್ಮ ಚಿಕಿತ್ಸಾಕ್ರಮದಲ್ಲಿ ಇಂಥವನ್ನು ಪಾಠದಂತೆ ಕಲಿಸಿದರು. ಆಕೆ ಹದಿನೇಳನೆಯ ವಯಸ್ಸಿನಲ್ಲಿ ತನ್ನನ್ನೇ ಗಾಯಗೊಳಿಸಿಕೊಳ್ಳುತ್ತಾ ಮಾನಸಿಕ ಆಸ್ಪತ್ರೆ ಸೇರಿದ್ದವರು. ಅದನ್ನು ಎಲ್ಲರೆದುರು ಹೇಳಿದ್ದು 2011ರಲ್ಲಿ, ಹೆಸರಾಂತ ಪ್ರೊಫೆಸರ್ ಆಗಿ ಎಷ್ಟೋ ವರ್ಷಗಳಾದ ಮೇಲೆ. ಸಹಿಸುವ ಶಕ್ತಿ ಹುಟ್ಟಿನಿಂದ ಕೆಲವರಿಗೆ ಮಾತ್ರ ಬರುವ ಸೊತ್ತು ಎಂದು ಯಾರಾದರೂ ಹೇಳಿದರೆ ನಾನು ಒಪ್ಪದಿರುವುದು ಇದಕ್ಕೇ.

• ಸೋಮವಾರ ಬೆಳಿಗ್ಗೆ ಮಾತ್ರ ಬರುವ ಹೊಟ್ಟೆನೋವಿನ ವಿಷಯ. ಅದು ಸುಳ್ಳಲ್ಲ, ಹೆದರಿಕೆಗೂ ಹೊಟ್ಟೆ ನಿಜವಾಗಿಯೇ ನೋಯುತ್ತದೆ. ಆದರೆ ಕ್ಲಾಸಿಗೆ ಚಕ್ಕರ್ ಹಾಕಿದ ದಿನ ಹಾಯೆನಿಸಿ, ಮಂಗಳವಾರ ಅದೇ ಹೆದರಿಕೆ ಇನ್ನಷ್ಟು ದಪ್ಪಗಾಗಿ ಬರುತ್ತದೆ. ಮೊದಲ ಪೀರಿಯಡ್ ಕೂತು ಬಾ. ನಾಳೆ ಎರಡು ಪೀರಿಯಡ್ ಕೂರಬಹುದು.

• ಪರೀಕ್ಷೆ ಒಂದೇ ಸಲ ಬರುವುದಲ್ಲ. 2024ರಿಂದ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಯವರು ಅದೇ ವರ್ಷ ಮತ್ತೆ ಬರೆಯಬಹುದು, ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು. ನಮಗೆ ಈ ಭಾಗ್ಯ ಇರಲಿಲ್ಲ.

• ಎಲ್ಲವನ್ನೂ ಸಹಿಸಬಾರದು. ರ‍್ಯಾಗಿಂಗ್, ಹೊಡೆತ, ಮೈಮುಟ್ಟುವ ಕೈ: ಅದು ಸೀನಿಯರದ್ದಿರಲಿ, ಮಾಸ್ಟ್ರದ್ದಿರಲಿ, ಹತ್ತಿರದ ನೆಂಟನದ್ದೇ ಇರಲಿ, ಅಲ್ಲಿ ತಾಳ್ಮೆಗೆ ಜಾಗ ಇಲ್ಲ. ನಂಬುವ ದೊಡ್ಡವರಲ್ಲಿ ಹೇಳು. ಅವರು ‘ಸುಮ್ಮನಿರು, ಮರ್ಯಾದೆ ಹೋಗುತ್ತದೆ’ ಎಂದರೆ ಇನ್ನೊಬ್ಬರಲ್ಲಿ ಹೇಳು. ಮಕ್ಕಳ ಸಹಾಯವಾಣಿ 1098.

• ನಿದ್ದೆ ಕಡಿಮೆ ಮಾಡಬೇಡ. ನಿದ್ದೆಗೆಟ್ಟವನಿಗೆ ಸೊಳ್ಳೆಯನ್ನೂ ಸಹಿಸಲು ಆಗುವುದಿಲ್ಲ.

ಇನ್ನು ಹೆತ್ತವರಿಗೆ, ಅಜ್ಜ-ಅಜ್ಜಿಯರಿಗೆ.

• ‘ನಮ್ಮ ಕಾಲದಲ್ಲಿ ಎಷ್ಟು ಕಷ್ಟ ಪಟ್ಟಿದ್ದೇವೆ, ಈಗಿನವರಿಗೆ ಏನೂ ತಡೆಯುವುದಿಲ್ಲ’ ಎನ್ನುವುದನ್ನು ದಯವಿಟ್ಟು ನಿಲ್ಲಿಸಿ. ಚಿಮಿಣಿ ದೀಪದಲ್ಲಿ ಓದಿದ್ದು, ಅಮ್ಮ ಬೀಡಿ ಕಟ್ಟಿ ಫೀಸು ಕಟ್ಟಿದ್ದು ಎಲ್ಲ ನಿಜ. ಆದರೆ ನಮ್ಮವರು ಸಹಿಸಿದರು ಎನ್ನುತ್ತೇವಲ್ಲ, ಅವರಲ್ಲಿ ಎಷ್ಟು ಜನ ಗಡಂಗಿನಲ್ಲಿ ಕುಳಿತು ಸಹಿಸಿದರು ಎಂಬುದು ಊರಿಗೇ ಗೊತ್ತುಂಟು. ನುಂಗಿಕೊಂಡದ್ದನ್ನೆಲ್ಲ ಸಹನೆ ಎಂದು ಲೆಕ್ಕ ಹಿಡಿಯಬೇಡಿ. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ನೂರು ಮಕ್ಕಳಿರುವ ಹಾಸ್ಟೆಲಿನಲ್ಲಿ ಏಳು ಮಂದಿ ಎಂದಿಟ್ಟುಕೊಳ್ಳಿ. ಆ ಏಳರಲ್ಲಿ ಕೆಲವರಾದರೂ ನಗುತ್ತಾ ಓಡಾಡುತ್ತಿರುತ್ತಾರೆ.

• ಮಕ್ಕಳ ಎಲ್ಲ ತೊಂದರೆಯನ್ನೂ ನೀವೇ ಹೋಗಿ ಬಿಡಿಸಬೇಡಿ. ಎಳೆಯ ಅಡಿಕೆ ಸಸಿಗೆ ಬಾಳೆಯ ನೆರಳು ಬೇಕು. ಸಸಿ ಬೆಳೆದ ಹಾಗೆ ಬಾಳೆ ತೆಗೆಯುತ್ತೀರಲ್ಲ, ಒಂದೇ ದಿನ ಕಡಿದು ಹಾಕುವುದೂ ಇಲ್ಲ. ರೂಮ್‌ಮೇಟಿನ ಜೊತೆ ಜಗಳವಾದರೆ ವಾರ್ಡನ್ನಿಗೆ ನೀವು ಫೋನ್ ಮಾಡುವ ಮೊದಲು ‘ನೀನು ಎಂತ ಮಾಡಬೇಕು ಅಂತ ಇದ್ದೀ?’ ಎಂದು ಕೇಳಿ. ಯೋಚಿಸಿ ಹೆಜ್ಜೆ ಇಡುವುದಕ್ಕೆ ಬೇಕಾದ ಮೆದುಳಿನ ಮುಂಭಾಗ ಇಪ್ಪತ್ತು ದಾಟಿದ ಮೇಲೂ ಬಲಿಯುತ್ತಲೇ ಇರುತ್ತದೆ. ನಲ್ವತ್ತರ ಸಮಾಧಾನವನ್ನು ಹದಿನಾರರಲ್ಲಿ ಹುಡುಕಿದರೆ ಸಿಗುವುದು ಎಲ್ಲಿಂದ?

• ಫೋನಿನಲ್ಲಿ ಅತ್ತರೆ ಅಳಲಿ. ‘ಅಳಬೇಡ’ ಎನ್ನುವುದು ನಮ್ಮ ಬಾಯಿಗೆ ಬೇಗ ಬರುತ್ತದೆ, ಏಕೆಂದರೆ ಆ ಅಳು ತಡೆಯಲಾರದವರು ನಾವು. ಮೊದಲ ಪ್ರಶ್ನೆ ಮಾರ್ಕಿನದ್ದು ಬೇಡ, ಊಟಕ್ಕೆ ಎಂತ ಪದಾರ್ಥ ಇತ್ತು ಎಂದು ಕೇಳಿ.

• ತೋಟಕ್ಕೆ ತಂದ ಕಳೆನಾಶಕ, ಕೀಟನಾಶಕ, ಮನೆಯ ಮಾತ್ರೆಗಳು ಬೀಗದೊಳಗಿರಲಿ, ಕೀಲಿಕೈ ದೊಡ್ಡವರ ಹತ್ತಿರ ಇರಲಿ. ದುಡುಕಿನ ಆ ಹತ್ತು ನಿಮಿಷದಲ್ಲಿ ಕೈಗೆ ಸಿಗದ ಕಾರಣಕ್ಕೇ ಉಳಿದ ಜೀವಗಳು ಎಷ್ಟೋ. ಮನೆಯಲ್ಲಿ ಹರೆಯದವರಿದ್ದರೆ ಇದನ್ನು ಇವತ್ತೇ ಮಾಡಿ.

• ಎರಡು ವಾರ ಕಳೆದರೂ ಮಂಕು ಬಿಡದಿದ್ದರೆ, ಊಟ-ನಿದ್ದೆ ತಪ್ಪಿದರೆ, ಇಷ್ಟದ ವಾಲಿಬಾಲನ್ನೂ ಬಿಟ್ಟು ಕುಳಿತರೆ ವೈದ್ಯರಿಗೆ ತೋರಿಸಿ. ಸಾಯುವ ಮಾತು ಬಾಯಿಗೆ ಬಂದರೆ ಎರಡು ವಾರ ಕಾಯುವುದು ಬೇಡ, ಒಬ್ಬರನ್ನೇ ಬಿಡದೆ ಅಂದೇ ಕರೆದುಕೊಂಡು ಹೋಗಿ. ದೈವದ ಹತ್ತಿರ ಹರಕೆ ಹೇಳುವವರು ಹೇಳಿ, ಇಗರ್ಜಿಯಲ್ಲಿ ಮೊಂಬತ್ತಿ ಹಚ್ಚುವವರು ಹಚ್ಚಿ, ಅದು ಆಸ್ಪತ್ರೆಗೆ ಹೋಗುವುದನ್ನು ತಡೆಯದಿದ್ದರೆ ಸಾಕು. ಮಂಗಳೂರಿನ ವೆನ್ಲಾಕ್ ಸರಕಾರಿ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಉಂಟು. ಅಷ್ಟು ದೂರ ಹೋಗುವ ಮೊದಲು ಮಾತಾಡಬೇಕೆಂದರೆ ಟೆಲಿ-ಮನಸ್, 14416: 2022ರ ಅಕ್ಟೋಬರಿನಿಂದ ಇದೆ, ದಿನದ ಯಾವ ಹೊತ್ತಿಗೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಇಲ್ಲ. ಡಾಕ್ಟ್ರು ಮಾತ್ರೆ ಬರೆದುಕೊಟ್ಟರೆ ಹುಡುಗ ನಾಲ್ಕು ದಿನ ನಕ್ಕ ಕೂಡಲೇ ನೀವಾಗಿ ನಿಲ್ಲಿಸಬೇಡಿ, ಅವರನ್ನೇ ಕೇಳಿ ನಿಲ್ಲಿಸಿ.